ರಾಯ್ಸ್ ಹಗ್ಗ ಬೀಸಿದ ದಿನ

ಸೇಜ್ ಫೋರ್ಕ್, ಮೊಂಟಾನಾ
ಮೇ ೨೪, ೧೯೮೮, ಮಂಗಳವಾರ

ಪ್ರೀತಿಯ ಮೇವಿಸ್,

ನಿನ್ನ ಮೂರು ಪತ್ರಗಳು ಬ್ರೆಡ್ ಡಬ್ಬದ ಮೇಲೆ ಕೂತು ನನ್ನನ್ನೇ ನೋಡುತ್ತಿವೆ. ದನಗಳು ಕರು ಹಾಕುವ ಕಾಲ, ಬಿಡುವಾಗಲಿಲ್ಲ ಎಂದು ಬರೆದರೆ ನೀನು ನಂಬುತ್ತೀಯ. ಆದರೆ ಹೋದ ವರ್ಷವೂ ಅವು ಕರು ಹಾಕಿದ್ದವು, ಆಗ ನಿನಗೆ ಬರೆದಿದ್ದೆ. ಈ ಸಲದ ಕಾರಣ ಬೇರೆ. ಕ್ಷಮಿಸು. ನಿನ್ನ ಮೊಣಕಾಲು ಹೇಗಿದೆ? ಒರೆಗಾನಿನ ವೈದ್ಯರು ಏನಾದರೂ ಮಾಡಿದರೇ, ಇನ್ನೂ ನಡೆಯಿರಿ ನಡೆಯಿರಿ ಎನ್ನುತ್ತಲೇ ಇದ್ದಾರೆಯೇ?

ಇಲ್ಲಿ ಹುಲ್ಲು ತಡವಾಗಿ ಬಂತು. ಗಾಳಿಗೆ ಚರ್ಚಿನ ಛಾವಣಿಯ ಒಂದು ಮೂಲೆ ಹಾರಿಹೋಗಿ, ಈಗ ಎಡಗಡೆ ಕೂರುವವರೆಲ್ಲ ಬಲಗಡೆ ಕೂರುತ್ತಾರೆ.

ನಿನ್ನ ಅಣ್ಣ ರಾಯ್ಸ್ ಬಂದಿದ್ದಾನೆ.

ಇದು ಮೊದಲ ಸಾಲಾಗಬೇಕಿತ್ತು. ಮಾರ್ಚಿನ ಎರಡನೇ ವಾರ ಬಂದ. ದನದ ಹರಾಜು ಅಂಗಳದಲ್ಲಿ ಕೆಲಸ, ಅದರ ಹಿಂದಿನ ಡಬ್ಬಿಯಂಥ ಕೋಣೆಯಲ್ಲಿ ವಾಸ. ಕೂದಲು ಪೂರ್ತಿ ಬಿಳಿ. ನಡಿಗೆ ನಿಮ್ಮ ಅಪ್ಪನದೇ, ಒಂದು ಭುಜ ಮುಂದೆ. ಓದುತ್ತ ಇಲ್ಲಿಗೆ ಬಂದಾಗ ನೀನು ಪತ್ರ ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗುತ್ತೀಯೆಂದು ಬಲ್ಲೆ. ಹೋಗಿ ಬಾ. ಇಪ್ಪತ್ತೇಳು ವರ್ಷ ನನ್ನ ಪರವಾಗಿ ಅವನ ಹೆಸರೆತ್ತದೆ ಬಾಳಿದವಳು ನೀನು.

ಅವನು ಕೆಫೆಗೆ ಬಂದ ಮೊದಲ ದಿನ ನಾನೂ ಅಲ್ಲಿದ್ದೆ. ಅವನು ಕೌಂಟರಿನ ಮುಂದೆ ಕೂತ ತಕ್ಷಣ ನಮ್ಮ ಪಕ್ಕದ ದನದ ರಾಂಚಿನ ಹೋಲ್ಗರ್ ಕಾಫಿ ಲೋಟ ಎತ್ತಿಕೊಂಡು ಎದ್ದ. "ಈ ಕಡೆ ಗಾಳಿ ಸರಿಯಿಲ್ಲ" ಎಂದ. ಕಿಟಕಿಗಳೆಲ್ಲ ಮುಚ್ಚಿದ್ದವು. ಅವನ ಹಿಂದೆ ಉಳಿದವರೂ ಎದ್ದರು. ರಾಯ್ಸ್‌ಗೂ ನನಗೂ ನಡುವೆ ಎರಡು ಖಾಲಿ ಕುರ್ಚಿಗಳಿದ್ದವು. ನಾನು ಏಳಲೂ ಇಲ್ಲ, ಹತ್ತಿರ ಸರಿಯಲೂ ಇಲ್ಲ. ನನ್ನ ಬಾಳಿನ ಬಹುಪಾಲು ಕೆಲಸಗಳನ್ನು ನಾನು ಹೀಗೇ ಮಾಡಿದ್ದೇನೆ ಅನ್ನಿಸುತ್ತದೆ.

ಏಪ್ರಿಲಿನ ಹಿಮಗಾಳಿಯಲ್ಲಿ ಒಂದು ಕಡಸು ಕರು ಹಾಕಲಾರದೆ ಕೊಟ್ಟಿಗೆಯಲ್ಲಿ ಬಿದ್ದಿತ್ತು. ರಾಯ್ಸ್ ಯಾರೂ ಕರೆಯದೆಯೇ ಬಂದ. ಅಂಗಿ ಬಿಚ್ಚಿ, ಭುಜದವರೆಗೆ ಒಳಗೆ ಕೈ ಹಾಕಿ ಕರುವಿನ ಕಾಲು ಹುಡುಕುತ್ತ, "ಆರ್ಡಿ, ಸರಪಳಿ ಕೊಡು. ಅದಲ್ಲ, ಆ ಸಣ್ಣದು. ಇಷ್ಟು ವರ್ಷ ಆದ್ರೂ ಹೇಳಿದ್ದು ಬಿಟ್ಟು ಬೇರೇದೇ ಕೊಡ್ತೀಯಲ್ಲೇ!" ಎಂದು ಗದರಿದ. ನನ್ನನ್ನು ಯಾರೂ ಆರ್ಡಿ ಎಂದು ಕರೆಯುವುದಿಲ್ಲ. ತೀರಿಕೊಂಡ ನನ್ನ ಆನ್ಸೆಲ್ ಯಾವಾಗಲೂ ಆರ್ಡಿತ್ ಎಂದೇ ಕರೆಯುತ್ತಿದ್ದ. ಒಳ್ಳೆಯವನು, ಪೂರ್ತಿ ಹೆಸರಿನ ಮನುಷ್ಯ. ಕರು ಬದುಕಿತು. ನಾನು ಅಡುಗೆಮನೆಗೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಆಮೇಲೆ ಪ್ರತಿ ಭಾನುವಾರ ಬಂದ. ಕಾಫಿ ಕುಡಿದು ತನ್ನ ಲೋಟ ತಾನೇ ತೊಳೆದು ಬೋರಲು ಹಾಕುತ್ತಿದ್ದ. ಐದನೇ ಭಾನುವಾರ ನನ್ನ ಕೈ ಹಿಡಿದ. ಬಿಡಿಸಿಕೊಳ್ಳಲಿಲ್ಲ. ಐವತ್ತು ವರ್ಷದ ಹೆಂಗಸು ಇದಕ್ಕಿಂತ ಹೆಚ್ಚು ಬರೆಯಬಾರದು. "ನೆವಾಡಾದಲ್ಲಿ ಒಂದು ಕೆಲಸ ಇದೆ. ಹೋಗ್ಲಾ, ಇಲ್ಲೇ ಇರ್ಲಾ?" ಎಂದು ಕೇಳಿದ. ಕರುಗಳಿಗೆ ಕಾದ ಕಬ್ಬಿಣದ ಮುದ್ರೆ ಒತ್ತುವುದು ಮುಗಿಯಲಿ ಎಂದೆ.

ಮುದ್ರೆ ಒತ್ತಿದ್ದು ಹೋದ ಶನಿವಾರ. ಈ ಊರಿನ ರೀತಿ ನಿನಗೆ ಮರೆತಿರಲಾರದು. ನೆರೆಯವರೆಲ್ಲ ಬರುತ್ತಾರೆ. ಕುದುರೆ ಮೇಲಿಂದ ಹಗ್ಗ ಬೀಸಿ ಕರುಗಳನ್ನು ಎಳೆಯುವವರು ಯಾರೆಂದು ದನಗಳ ಒಡೆಯರೇ ಹೆಸರು ಹಿಡಿದು ಹೇಳಬೇಕು. ಎಂಥ ನಿಪುಣನಾದರೂ ತಾನಾಗಿ ಹಗ್ಗ ಬಿಚ್ಚುವುದಿಲ್ಲ, ಕೇಳುವುದೂ ಇಲ್ಲ. ಆ ಹೆಸರುಗಳಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದು ಊರಿಗೆ ಗೊತ್ತಾಗುತ್ತದೆ. ಆನ್ಸೆಲ್ ಹೋದ ಮೇಲೆ ಐದು ವರ್ಷದಿಂದ ನಾನೇ ಹೇಳುತ್ತಿದ್ದೇನೆ.

ರಾಯ್ಸ್ ಬೆಳಿಗ್ಗೆಯೇ ಬಂದು ಜೀನು ಬಿಗಿದ ಕುದುರೆಯನ್ನು ಬೇಲಿಗೆ ಕಟ್ಟಿದ. ನಾನು ಹೋಲ್ಗರನನ್ನೂ ಅವನ ಅಳಿಯನನ್ನೂ ಇನ್ನಿಬ್ಬರನ್ನೂ ಕರೆದೆ. ರಾಯ್ಸ್‌ಗೆ ಬೆಂಕಿ ನೋಡಿಕೊಳ್ಳಲು ಹೇಳಿದೆ. ಈ ಜಿಲ್ಲೆಯಲ್ಲಿ ಅವನಷ್ಟು ಚೆನ್ನಾಗಿ ಹಗ್ಗ ಬೀಸಿದವರಿಲ್ಲ. ಅವನು ಕಟ್ಟಿಗೆ ಒಟ್ಟಿದ.

"ಓಹೋ, ಈ ಪುಣ್ಯಾತ್ಮನೂ ಬಂದಿದಾನೆ! ಏನಪ್ಪಾ, ಈ ಸಲ ಪೂರ್ತಿ ನಿಲ್ತೀಯೋ ಅರ್ಧಕ್ಕೇ ಓಡ್ತೀಯೋ?" ಎಂದ ಹೋಲ್ಗರ್, ಎಲ್ಲರಿಗೂ ಕೇಳುವ ಹಾಗೆ.

"ಮಧ್ಯಾಹ್ನ ಊಟ ಇದೆಯಂತೆ ಹೋಲ್ಗರ್. ಅಲ್ಲೀವರೆಗಂತೂ ಇರ್ತೀನಿ" ಎಂದ ರಾಯ್ಸ್, ಕಬ್ಬಿಣ ತಿರುವುತ್ತ. ಒಂದಿಬ್ಬರು ನಕ್ಕು, ನಕ್ಕದ್ದಕ್ಕೆ ನಾಚಿ ಬೇರೆ ಕಡೆ ನೋಡಿದರು.

ಊಟಕ್ಕೆ ಇನ್ನೂ ಒಂದು ಗಂಟೆ ಇರುವಾಗ ಅಳಿಯನ ಕುದುರೆ ಕುಂಟತೊಡಗಿತು. ಅವನು ಇಳಿದ. ಹಗ್ಗ ಬೀಸುವವರಲ್ಲಿ ಒಂದು ಜಾಗ ಖಾಲಿಯಾಯಿತು. ದೊಡ್ಡಿಯಲ್ಲಿ ಇನ್ನೂ ಎಂಬತ್ತು ಕರುಗಳು, ಆಚೆ ಅವುಗಳ ತಾಯಂದಿರು ಒಂದೇ ಸಮನೆ ಕೂಗುತ್ತಿದ್ದವು. ಎಲ್ಲರೂ ನನ್ನನ್ನು ನೋಡಿದರು. ರಾಯ್ಸ್ ಮಾತ್ರ ನೋಡಲಿಲ್ಲ, ಬೆಂಕಿಯ ಮುಂದೆ ಬಗ್ಗಿಯೇ ಇದ್ದ. ನಾನು ಯಾರ ಹೆಸರನ್ನಾದರೂ ಹೇಳಬಹುದಿತ್ತು.

"ರಾಯ್ಸ್, ಹಗ್ಗ ತಗೋ."

ಬೇರೆ ಯಾರದೋ ದನಿಯನ್ನು ಕೇಳಿದಂತೆ ಕೇಳಿಸಿಕೊಂಡೆ. ಅವನು ಎದ್ದು, ಕೈಯ ಬೂದಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಬೇಲಿಯ ಕಡೆ ನಡೆದ.

ಹೋಲ್ಗರ್ ತನ್ನ ಹಗ್ಗ ಸುತ್ತಿ ಜೀನಿನ ಕೊಂಬಿಗೆ ಹಾಕಿದ. ಕುದುರೆಯನ್ನು ನನ್ನ ಹತ್ತಿರಕ್ಕೇ ತಂದು ನಿಲ್ಲಿಸಿದ.

"ನಿಂಗೆ ತಲೆ ಸರಿ ಇದೆಯಾ ಹುಡುಗಿ?"

"ಕೆಲಸ ಬಾಕಿ ಇದೆ, ಹೋಲ್ಗರ್."

"ನಿನ್ನ ಮುಖ ನೋಡಿ ನಾವು ಇವನ ಜೊತೆ ಮಾತು ಬಿಟ್ವಿ. ನನ್ನ ಹೆಂಡ್ತಿ ನಿನ್ನ ಮದುವೆ ಬಟ್ಟೆ ಅರ್ಧ ಹೊಲಿದು ಪೆಟ್ಟಿಗೆಗೆ ಹಾಕಿದ್ಲು, ಸಾಯೋವರೆಗೂ ಅದನ್ನ ತೆಗೀಲಿಲ್ಲ. ಈಗ ನೀನೇ ಕರೆದು ಹಗ್ಗ ಕೊಡ್ತೀಯ. ಹಾಗಾದ್ರೆ ನಾವೆಲ್ಲ ಏನು, ಪೆದ್ದರಾ?"

ಉತ್ತರ ನನ್ನ ಬಾಯಲ್ಲಿತ್ತು. ರಾಯ್ಸ್ ಕುದುರೆಯ ಜೀನಿನ ಪಟ್ಟಿ ಬಿಗಿಯುತ್ತ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದ. ಆ ಬೆನ್ನು ಕಾಯುತ್ತಿತ್ತು. ನಾನು ಹೇಳಲಿಲ್ಲ. ಹೋಲ್ಗರ್ ಕುದುರೆಯನ್ನು ಗಾಡಿಗೆ ಹತ್ತಿಸಿದ. ಅಳಿಯನೂ ಹತ್ತಿಸಿದ. ಏಳು ಜನ ಹೋದರು. ಅವರು ತಂದಿದ್ದ ಹುರುಳಿಕಾಯಿ ಪಾತ್ರೆಯನ್ನೂ ತೆಗೆದುಕೊಂಡು ಹೋದರು, ಮೇವಿಸ್. ಅದೇಕೋ ಅದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಉಳಿದವರು ನಾವು ಆರು ಜನ. ಸಂಜೆಯವರೆಗೆ ದುಡಿದೆವು. ರಾಯ್ಸ್ ಒಂದು ಸಲವೂ ಗುರಿ ತಪ್ಪಲಿಲ್ಲ, ಒಂದು ಸಲವೂ ನಗಲಿಲ್ಲ.

ಕೊನೆಗೆ ನೀರಿನ ತೊಟ್ಟಿಯ ಹತ್ತಿರ ನಾವಿಬ್ಬರೇ ಉಳಿದೆವು. ಅವನು ತಲೆಯ ಮೇಲೆ ನೀರು ಸುರಿದುಕೊಂಡ. "ಅವರ ಮೇಲೆ ನಂಗೆ ಸಿಟ್ಟಿಲ್ಲ. ಅವರಿಗೆ ಗೊತ್ತಿರೋ ಪ್ರಕಾರ ಅವರು ಮಾಡಿದ್ದು ಸರಿನೇ" ಎಂದ.

"ಹಗ್ಗ ಕೊಟ್ಟೆನಲ್ಲ" ಎಂದೆ.

"ಕೊಟ್ಟೆ. ಕ್ಷಮಿಸಿದವಳ ಥರ ಕೊಟ್ಟೆ. ಆ ಹಗ್ಗ ಹಿಡ್ಕೊಂಡು ಈ ಊರಲ್ಲಿ ನಾನು ಬದುಕಲಾರೆ ಆರ್ಡಿ." ಟೋಪಿ ಹಾಕಿಕೊಂಡು, "ಊರಿಗೆಲ್ಲ ಹೇಳಬೇಡ. ಒಬ್ಬರಿಗೆ ಹೇಳು. ಯಾರಿಗೆ ಅಂತ ನಿಂಗೆ ಗೊತ್ತು. ಶುಕ್ರವಾರ ಬೆಳಿಗ್ಗೆವರೆಗೆ ಇಲ್ಲಿರ್ತೀನಿ" ಎಂದ.

ಮೂರು ದಿನದಿಂದ ಈ ಮೇಜಿನ ಮುಂದೆ ಕೂರುತ್ತೇನೆ, ಏಳುತ್ತೇನೆ. ಮೊಣಕಾಲಿನ ವಿಷಯ ಬರೆದೆ, ಚರ್ಚಿನ ಛಾವಣಿಯ ವಿಷಯ ಬರೆದೆ. ಅಂಚೆಯವನು ಹನ್ನೊಂದಕ್ಕೆ ಬರುತ್ತಾನೆ, ಈಗ ಹತ್ತೂವರೆ.

ನಿನ್ನ ಹುಡುಗಿಯರಿಬ್ಬರಿಗೂ ನನ್ನ ಮುತ್ತುಗಳು. ಚಿಕ್ಕವಳ ಹೆರಿಗೆ ಸುಸೂತ್ರವಾಗಲಿ, ನಿನ್ನ ಮನೆಯಲ್ಲಿ ಎಲ್ಲರ ಮೈಗೂ ಮನಸ್ಸಿಗೂ ಒಳ್ಳೆಯದಾಗಲಿ. ಏನು ಓದಿದರೂ ನಿನಗೆ ನಿದ್ದೆ ಬರಲಿ.

ನಿನ್ನ,
ಆರ್ಡಿತ್

ಮತ್ತೆ: ರಾಯ್ಸ್ ನನ್ನನ್ನು ಬಿಟ್ಟು ಹೋಗಲಿಲ್ಲ. ನಮ್ಮಪ್ಪ ಅವನ ಜೊತೆ ನೆವಾಡಾಕ್ಕೆ ಕಳಿಸಲಾರೆನೆಂದಾಗ, ಬಿಲ್ಲಿಂಗ್ಸ್‌ಗೆ ಹೋಗಿ ಮದುವೆಯಾಗಿ ಅಲ್ಲಿಂದಲೇ ಹೊರಡೋಣ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಬೆಳಿಗ್ಗೆ ಐದಕ್ಕೆ ರೈಲು ಹಳಿ ದಾಟುವಲ್ಲಿ ಕಾದಿರುತ್ತೇನೆ ಎಂದ. ನಾನು ಹೋದೆ. ದಿಬ್ಬದ ಮೇಲೆ ಗಾಡಿ ನಿಲ್ಲಿಸಿ ಅವನನ್ನು ನೋಡಿದೆ. ಅವನು ಬೇಲಿಗೆ ಒರಗಿ, ಹೊಸ ಅಂಗಿ ಹಾಕಿಕೊಂಡು ನಿಂತಿದ್ದ. ಗಾಡಿ ತಿರುಗಿಸಿ ಮನೆಗೆ ಬಂದೆ. ಹೆದರಿಕೆ ಎಂದು ಬರೆದರೆ ಸುಲಭವಾಗುತ್ತದೆ, ಅದು ಹೆದರಿಕೆಯೂ ಅಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ. ಮಧ್ಯಾಹ್ನದವರೆಗೂ ಕಾದನಂತೆ. ಸಂಜೆ ಅಮ್ಮ "ರಾಯ್ಸ್ ಎಲ್ಲೇ?" ಎಂದಾಗ "ಹೋದ" ಎಂದೆ. ಅಷ್ಟೇ ಹೇಳಿದ್ದು. ಮಿಕ್ಕದ್ದನ್ನು ಊರು ಕಟ್ಟಿಕೊಂಡಿತು, ನಾನು ಅದರೊಳಗೆ ವಾಸ ಮಾಡಿದೆ. ಅವನು ಎಂದೂ ಯಾರಿಗೂ ಬಾಯಿ ಬಿಡಲಿಲ್ಲ.

ಹರಾಜು ಅಂಗಳದ ಫೋನ್ ನಂಬರು ನಿನ್ನ ಹಳೆಯ ಪುಸ್ತಕದಲ್ಲಿರುವುದೇ, ಬದಲಾಗಿಲ್ಲ. ನನ್ನ ಜೊತೆ ಇನ್ನು ಮಾತಾಡಬೇಕಾಗಿಲ್ಲ, ಅವನ ಜೊತೆ ಮಾತಾಡು.

ನಿಮ್ಮಮ್ಮನ ಕೊನೆಯ ವಾರ ಅವನು ಫೋನು ಮಾಡಿದ, ಒಮ್ಮೆ ಬಂದು ನೋಡಿ ಹೋಗಲೇ ಎಂದು ಕೇಳಿದ. ನೀನು ಏನೂ ಹೇಳದೆ ರಿಸೀವರ್ ಇಟ್ಟೆ. ನಾನು ಪಕ್ಕದಲ್ಲೇ ನಿಂತು ನಿಮ್ಮಮ್ಮನ ತಟ್ಟೆ ಒರೆಸುತ್ತಿದ್ದೆ. ನೀನು ನನ್ನ ಮುಖ ನೋಡಿದೆ. ನಾನು, "ಸರಿಯಾಗಿ ಮಾಡಿದೆ" ಎಂದೆ.