ಮುಂದಿನ ಪಾಳಿಯವನು ಯಾರು?

ಮಾರ್ಚ್ ೪, ಮಂಗಳವಾರ

"ರೇಗಾಡಬೇಡಪ್ಪ, ಬರೆದಿಡು" ಅಂತ ಮಗಳು ಈ ಪುಸ್ತಕ ಕೈಗಿಟ್ಟಿದ್ದಾಳೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಇದೊಂದು ಕರ್ಮ.

ಅಣುಸ್ಥಾವರಕ್ಕೆ ನಮ್ಮ ಜಾಗ ಕೇಳೋಕೆ ಇವತ್ತು ಇಂಜಿನಿಯರ್ ಬಂದಿದ್ದ. ಬೇಡ ಅನ್ನೋಕೆ ನಾನೇನು ಹುಚ್ಚನಲ್ಲ. ಈ ವಾರ ಎರಡು ಸಲ ಕರೆಂಟು ಹೋಗಿ ನನ್ನ ಹೆಂಡತಿಯ ಆಕ್ಸಿಜನ್ ಮಿಷನ್ ನಿಂತಿತ್ತು. ಅಲ್ಲಿ ಉಳಿಯೋ ಕಸವನ್ನ ಎಷ್ಟು ವರ್ಷ ಕಾಯಬೇಕು ಅಂತ ಕೇಳಿದೆ.

"ಸಾವಿರಾರು ವರ್ಷ, ಯಜಮಾನ್ರೇ."

"ಕಾಯೋನು ಯಾರಪ್ಪ?"

ಜಾಗದ ಒಪ್ಪಿಗೆ ಪತ್ರ ನನ್ನ ಮುಂದೆ ತಳ್ಳಿದ.

ಕಲ್ಲಿದ್ದಲ ಬಾಯ್ಲರ್ ಮುಂದೆ ಮೂವತ್ತು ವರ್ಷ ನಿಂತವನು ನಾನು. ಮುಂದಿನ ಪಾಳಿಯವನು ಬಂದು ಸಹಿ ಹಾಕದೆ, ಮಗಳು ಹುಟ್ಟಿದ ದಿನವೂ ಕದಲಲಿಲ್ಲ. ಹೆಂಡತಿ ಇವತ್ತಿಗೂ ಅದನ್ನೇ ಎತ್ತಿ ಆಡ್ತಾಳೆ.

"ಸಹಿ ಹಾಕ್ರೀ, ನನ್ನ ಉಸಿರು ನಿಮ್ಮ ಹಠಕ್ಕೆ ಕಾಯಲ್ಲ" ಅಂದಳು.

ಹಾಕ್ತೀನಿ. ಆದರೆ ಆ ಕಸದ ಪಾಳಿ ಯಾರದು ಅಂತ ಆ ಇಂಜಿನಿಯರ್ ಮೊದಲು ಬರೆದುಕೊಡಲಿ. ಹದಿನೈದನೇ ತಾರೀಖಿನೊಳಗೆ ನನಗೆ ಉತ್ತರ ಬೇಕು.