ಗುರುವಾರ ಬರುವ ಸಾಹೇಬರಿಗೆ ಹೇಳಬೇಕಾದ ಮಾತು

ಬೆಳಗಾವಿ,
ಬಿಡುತಿಂಗಳು ೯, ೨೧೯೭

ಪೂಜ್ಯ ಮಹಾನಂದಾ ಆಯಿಯವರಿಗೆ ಮೇದಿನಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಕಿಡಿಗೇಡಿಗಳ ಕೆಲಸವೆಂದು ಈ ಕಾಗದವನ್ನು ಒಲೆಗೆ ಹಾಕಬೇಡಿ. ನಾನು ನಿಮ್ಮ ಮಗಳು ಸ್ಫೂರ್ತಿಯ ವಂಶದವಳು, ಬೆರಳು ಮಡಚಿ ಎಣಿಸಿದರೆ ನಿಮ್ಮಿಂದ ಏಳನೆಯವಳು. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ತೊಡಕಾದೀತು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಸರಕಾರಿ ಕಡತಗಳಿಂದ, ಕಡತದ ಭಾಷೆ ಎಂಥದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಿಡುತಿಂಗಳು ಎಂದರೆ ಮೇ ಮತ್ತು ಜೂನ್ ನಡುವೆ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು. ಬಿಸಿಲು ತಡೆಯದಷ್ಟು ಏರಿದ ಮೇಲೆ ಹಿರಿಯರು ಉಳಿದ ಹನ್ನೆರಡು ತಿಂಗಳಿಂದ ಎರಡೆರಡು ದಿನ ಕಸಿದು ಇದನ್ನು ಕಟ್ಟಿದರು. ಈ ಇಪ್ಪತ್ತನಾಲ್ಕು ದಿನ ಯಾರೂ ಬೆಂಕಿಯ ಕೆಲಸ ಮಾಡುವಂತಿಲ್ಲ. ಕುಲುಮೆಗಳು ಮಲಗಿರುತ್ತವೆ, ಬೀದಿಯುದ್ದಕ್ಕೂ ದಪ್ಪ ಬಟ್ಟೆಯ ಚಪ್ಪರ ಎಳೆದಿರುತ್ತಾರೆ, ಅದರ ಕೆಳಗೆ ಜನ ಹಪ್ಪಳ ಒತ್ತುತ್ತ, ಹರಿದದ್ದು ಹೊಲಿಯುತ್ತ, ಹಳೆಯ ಜಗಳಗಳನ್ನು ನಿಧಾನವಾಗಿ ಮುಗಿಸುತ್ತ ಕೂತಿರುತ್ತಾರೆ. ಹಿಂದಂಚೆ ಹೊರಡುವುದೂ ಈ ತಿಂಗಳಲ್ಲೇ. ಅದು ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಬದುಕಿನಲ್ಲಿ ಒಂದೇ ಪತ್ರ. ನಾವು ಹೇಗಿದ್ದೇವೆಂದು ಬರೆಯಬಹುದು, ಓದುವವರಿಗೆ ಆಗಿಹೋದದ್ದನ್ನು ಬರೆಯಬಹುದು. ಅವರಿಗೆ ಮುಂದೆ ಆಗುವುದನ್ನು ಮಾತ್ರ ಬರೆಯುವಂತಿಲ್ಲ. ಬರೆದರೆ ಅಂಚೆಮನೆಯ ಹೆಂಗಸರು ಕತ್ತರಿ ಹಿಡಿದು ಆ ಸಾಲನ್ನು ಕತ್ತರಿಸಿ ತೆಗೆಯುತ್ತಾರೆ. ಈ ಹಾಳೆಯಲ್ಲಿ ತೂತು ಕಂಡರೆ ಇಲಿಯನ್ನು ಬೈಯಬೇಡಿ.

ನನ್ನ ಪಾಲಿನ ಆ ಒಂದು ಪತ್ರವನ್ನು ನಾನು ನಿಮಗೆ ಬರೆಯುತ್ತಿದ್ದೇನೆ. ಇದು ನಿಮಗೆ ಮಂಗಳವಾರ ತಲುಪಬೇಕು. ಗುರುವಾರ ನಿಮ್ಮ ಎರಕದ ಕಾರ್ಖಾನೆಗೆ ಪರಿಶೀಲನೆಯ ಸಾಹೇಬರು ಎರಡನೆಯ ಸಲ ಬರುವವರಿದ್ದಾರೆ. ಅವರು ಬರುವುದೇ ಬೇಡ ಎಂದು ಫೋನ್ ಮಾಡಿ ಪ್ರಮಾಣಪತ್ರದ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನೀವು ನಿನ್ನೆ ನಿರ್ಧರಿಸಿದ್ದೀರಿ. ನನಗೆ ಹೇಗೆ ಗೊತ್ತೆಂದರೆ, ನಿಮ್ಮ ಎರಕದ ವಹಿ ನಮ್ಮ ಮನೆಯಲ್ಲಿದೆ. ಇವತ್ತು ಅಚ್ಚು ಕಟ್ಟುವ ಉಸುಕು ಎಷ್ಟು ಒದ್ದೆ, ಗಾಳಿ ಯಾವ ಕಡೆ, ಯಾವ ಅಚ್ಚು ಬಿರಿಯಿತು ಎಂದು ದಿನವೂ ಬರೆಯುತ್ತ ಬಂದ ನೀವು, ಸೋಮವಾರದ ಪುಟದಲ್ಲಿ ಉಸುಕಿನ ಸುದ್ದಿಯನ್ನೇ ಎತ್ತಿಲ್ಲ. “ಭಾವನೋರ ಮುಂದ ನಾ ಮಾಲಕಿ ಅನ್ನಾಕ ನನಗ ಬಾಯಿ ಬರೂದಿಲ್ಲ. ಗುರುವಾರ ಬರಬ್ಯಾಡ್ರಿ ಅಂತ ಹೇಳಿಬಿಡತೀನಿ” ಎಂದು ಬರೆದು, ಕೆಳಗೆ ಗೆರೆ ಎಳೆದಿದ್ದೀರಿ. ಓದಿ ನನಗೆ ಸಂಕಟವಾಯಿತು, ಸ್ವಲ್ಪ ಸಿಟ್ಟೂ ಬಂತು. ದೊಡ್ಡವರ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ. ಆದರೆ ನೂರ ಎಪ್ಪತ್ತು ವರ್ಷದ ಅಂತರವಿದ್ದರೆ ಅಷ್ಟು ಸಲಿಗೆ ನಡೆಯುತ್ತದೆ ಎಂದುಕೊಂಡಿದ್ದೇನೆ.

ನನ್ನ ಕಸುಬು ನಿಮಗೆ ಬೇಗ ಅರ್ಥವಾದೀತು. ನಾನು ದಿನಸಾಕ್ಷಿ. ಸರಕಾರಕ್ಕೆ ಸಾಮಾನು ಮಾರುತ್ತೇವೆ ಎನ್ನುವವರ ಮನೆಗೋ ಕಾರ್ಖಾನೆಗೋ ಹೋಗಿ ಒಂದಿಡೀ ದಿನ ಸುಮ್ಮನೆ ಕೂತು ಬರುವುದೇ ನನ್ನ ಕೆಲಸ. ಕಾಗದ ಕೇಳುವುದಿಲ್ಲ, ಪ್ರಶ್ನೆಯನ್ನೂ ಹೆಚ್ಚು ಕೇಳುವುದಿಲ್ಲ. ಏನಾದರೂ ಕೆಟ್ಟು ನಿಂತಾಗ ಅಲ್ಲಿದ್ದವರೆಲ್ಲ ತಮಗೆ ಗೊತ್ತಿಲ್ಲದೆಯೇ ಯಾರ ಮುಖ ನೋಡುತ್ತಾರೋ ಅವರ ಹೆಸರು ಬರೆದುಕೊಂಡು ಬರುತ್ತೇನೆ. ನಮ್ಮ ಹಾಳೆಯಲ್ಲಿ ಹೆಂಗಸು ಗಂಡಸು ಎಂಬ ಖಾನೆ ಇಲ್ಲ. ‘ಮಹಿಳಾ ಒಡೆತನದ ಕಿರು ಉದ್ದಿಮೆ’ ಎಂಬ ನಿಮ್ಮ ಕಾಲದ ಪ್ರಮಾಣಪತ್ರವನ್ನು ಹೊಸಬರಿಗೆ ಪಾಠ ಮಾಡುವಾಗ ಅರ್ಧ ದಿನ ಅದಕ್ಕೇ ಹೋಗುತ್ತದೆ. ಒಡೆಯರು ಎಂದ ಕೂಡಲೇ ಆ ಕಾಲದವರ ಕಣ್ಣಿಗೆ ಮೀಸೆಯೇ ಕಾಣುತ್ತಿತ್ತು, ಅದಕ್ಕೇ ಬೇರೆ ಪತ್ರ ಬೇಕಾಯಿತು ಎಂದು ಹೇಳುತ್ತೇನೆ. ಹುಡುಗಿಯರು ನಗುತ್ತಾರೆ. ನಾನು ನಗಬೇಡಿ ಎಂದು ಗದರಿಸಿ, ನಿಮ್ಮ ಕಡತವನ್ನು ಬಿಚ್ಚುತ್ತೇನೆ.

ಕಡತದಲ್ಲಿ ನಿಮ್ಮ ಮಾವನವರು ಬರೆಸಿದ ಪತ್ರವಿದೆ. ಇಬ್ಬರು ಗಂಡುಮಕ್ಕಳಿದ್ದೂ ಅವರು ಕಾರ್ಖಾನೆಯನ್ನು ಕಿರಿಯ ಸೊಸೆಯಾದ ನಿಮ್ಮ ಹೆಸರಿಗೆ ಮಾಡಿಸಿದರು. ಕಾರಣ ಸರಳ. ಕಿರಿಯ ಮಗ, ಅಂದರೆ ನಿಮ್ಮ ಯಜಮಾನರು, ಹೈಸ್ಕೂಲಿನಲ್ಲಿ ಮಕ್ಕಳಿಗೆ ಕವಾಯತು ಮಾಡಿಸುವುದರಲ್ಲಿ ಸುಖಿ. ಹಿರಿಯ ಮಗ, ಅಂದರೆ ನಿಮ್ಮ ಭಾವ ವಿರೂಪಾಕ್ಷಪ್ಪನವರಿಗೆ ಮಾತು ಬರುತ್ತದೆ, ಉಸುಕು ಬರುವುದಿಲ್ಲ. ನೀವೋ ತವರಿನಲ್ಲೇ ಅಪ್ಪನ ಜೊತೆ ಅಚ್ಚು ಕಟ್ಟಿದವರು. ಹಿಡಿ ಉಸುಕು ತೆಗೆದುಕೊಂಡು ಮುಷ್ಟಿ ಕಟ್ಟಿ ಬಿಟ್ಟರೆ ಬೆರಳಿನ ಗುರುತು ಉಳಿಯಬೇಕು, ಮುರಿದರೆ ಅಂಚು ಉದುರದೆ ಎರಡು ತುಂಡಾಗಬೇಕು. ಇಷ್ಟೇ ಪರೀಕ್ಷೆ. ನಮ್ಮಲ್ಲಿ ಈಗ ಕಬ್ಬಿಣ ಕರಗಿಸುವುದು ಬಿಸಿಲುಕುಲುಮೆಯಲ್ಲಿ, ಗುಡ್ಡದ ಮೇಲೆ ಸಾಲಾಗಿ ನಿಂತ ಕನ್ನಡಿಗಳು ಬಿಸಿಲನ್ನು ಒಂದೇ ಕಡೆ ಬೀಳಿಸುತ್ತವೆ. ಹೊಳೆಯ ಉಸುಕು ಮುಟ್ಟುವಂತಿಲ್ಲ, ಕೆಡವಿದ ಮಹಡಿಗಳನ್ನು ಪುಡಿ ಮಾಡಿ ಉಸುಕು ಮಾಡುತ್ತಾರೆ. ಹದ ನೋಡುವುದು ಮಾತ್ರ ಇವತ್ತಿಗೂ ಮುಷ್ಟಿಯಲ್ಲೇ. ಅದಕ್ಕೊಂದು ಯಂತ್ರ ಮಾಡಿದ್ದರು, ಆರು ತಿಂಗಳಲ್ಲಿ ಮೂಲೆ ಸೇರಿತು.

ಈ ಪ್ರಮಾಣಪತ್ರ ನಿಮಗೆ ಯಾಕೆ ಬೇಕೆಂಬುದೂ ಕಡತದಲ್ಲಿದೆ. ಊರಿನ ರಸ್ತೆಗಳ ಮ್ಯಾನ್‌ಹೋಲ್ ಮುಚ್ಚಳಗಳಿಗೆ ಸರಕಾರಿ ಟೆಂಡರು ಬರುತ್ತಿದೆ. ಅದರಲ್ಲಿ ಹೆಂಗಸರ ಉದ್ದಿಮೆಗಳಿಗೆಂದು ಒಂದು ಪಾಲು ಎತ್ತಿಟ್ಟಿದ್ದಾರೆ. ಪತ್ರವಿಲ್ಲದೆ ದೊಡ್ಡ ಫೌಂಡ್ರಿಗಳ ಎದುರು ನಿಂತರೆ ನಿಮ್ಮದು ಆನೆಯ ಮುಂದೆ ಆಡಿನ ಗತಿ. ಆರ್ಡರಿಲ್ಲದೆ ಈಗಾಗಲೇ ವಾರಕ್ಕೆ ಎರಡೇ ದಿನ ಕುಲುಮೆ ಹೊತ್ತಿಸುತ್ತಿದ್ದೀರಿ. ಹನ್ನೆರಡು ಗಂಡಸರು, ಉಸುಕು ಜರಡಿ ಹಿಡಿಯುವ ಏಳು ಹೆಣ್ಣುಮಕ್ಕಳು ಅದನ್ನೇ ನಂಬಿದ್ದಾರೆ. ಗುರುವಾರ ಕೈಬಿಟ್ಟರೆ ಆ ಎರಡು ದಿನವೂ ಉಳಿಯಲಿಕ್ಕಿಲ್ಲ ಎಂದು ನೀವೇ ಹಿಂದಿನ ವಾರ ವಹಿಯಲ್ಲಿ ಬರೆದಿದ್ದೀರಿ.

ಮೊದಲ ಪರಿಶೀಲನೆಯ ದಿನ ಏನಾಯಿತೆಂದು ನಿಮಗೆ ಗೊತ್ತು. ಅರ್ಧ ಮಾತ್ರ ಗೊತ್ತು. ಗಲಗಲಿ ಸಾಹೇಬರು ಬಂದಾಗ ನೀವು ಅಚ್ಚಿನ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಿರಿ. “ಸಾಹೇಬ್ರು ಬಂದಾರ” ಎಂದು ಭಾವನವರು ಕೂಗಿದ್ದೇ ತಡ, ಕೈ ತೊಳೆದು, ಸೆರಗು ತಲೆಯ ಮೇಲೆಳೆದು, ಚಹಾ ಇಡಲು ಒಳಗೆ ಹೋದಿರಿ. ಭಾವನವರ ಎದುರು ಕುರ್ಚಿಯಲ್ಲಿ ಕೂರುವ ರೂಢಿ ನಿಮ್ಮ ಮನೆಯಲ್ಲಿಲ್ಲ. ಹೀಗಾಗಿ ಚಹಾ ಕೊಟ್ಟ ಮೇಲೂ ಬಾಗಿಲ ಮರೆಯಲ್ಲೇ ನಿಂತಿರಿ. ಸಾಹೇಬರು ಕೇಳಿದ್ದಕ್ಕೆಲ್ಲ ಅವರೇ ಉತ್ತರ ಕೊಟ್ಟರು, ಅರ್ಧ ತಪ್ಪು ಉತ್ತರ. ಕೊನೆಗೆ ಇಲ್ಲಿ ಮಾಲೀಕರು ಯಾರು ಎಂದಾಗ “ಎಲ್ಲಾ ನಮ್ಮದರಿ” ಎಂದರು. ಸಾಹೇಬರು ನಿಮ್ಮ ಕಡೆ ನೋಡಿದರು. ನೀವು ಹೌದೆಂದು ತಲೆಯಾಡಿಸಿ ಭಾವನವರ ಕಡೆ ಕೈ ತೋರಿಸಿದಿರಿ. ಹದಿನೈದು ದಿನಕ್ಕೆ ‘ಒಡೆತನ ಕಾಗದದ ಮೇಲೆ ಮಾತ್ರ’ ಎಂಬ ಷರಾ ಬಂತು.

ನೀವು ನೋಡದ ಅರ್ಧ ಆ ಷರಾದ ಹಿಂದಿನ ಹಾಳೆಯಲ್ಲಿದೆ. ಗಲಗಲಿಯವರು ತಮಗಾಗಿ ಪೆನ್ಸಿಲಿನಲ್ಲಿ ಬರೆದುಕೊಂಡದ್ದು: “ಚಹಾ ಕುಡಿಯುವಾಗ ನಾಲ್ವರು ಕರಗಿದ ಕಬ್ಬಿಣ ಹೊತ್ತು ಮೂರನೆಯ ಅಚ್ಚಿಗೆ ಬಂದರು. ಬಾಗಿಲಲ್ಲಿದ್ದ ಹೆಣ್ಣುಮಗಳು ಮಾತಾಡದೆ ಒಂದು ಕೈ ಎತ್ತಿದಳು. ನಾಲ್ವರೂ ನಿಂತರು. ಅಚ್ಚು ಒಡೆದು ನೋಡಿದರೆ ಒಳಗೆ ಹಸಿ. ಸುರಿದಿದ್ದರೆ ಕಬ್ಬಿಣ ಸಿಡಿದು ನಮ್ಮೆಲ್ಲರ ಮೈಮೇಲೆ ಬರುತ್ತಿತ್ತು. ಯಾರವರು ಎಂದೆ. ತಮ್ಮನ ಹೆಂಡತಿ ಎಂದರು. ಇದನ್ನು ಬರೆಯಲು ನಮ್ಮ ನಮೂನೆಯಲ್ಲಿ ಖಾನೆ ಇಲ್ಲ. ಆಕೆಯೇ ಬಾಯಿ ಬಿಟ್ಟು ಹೇಳದಿದ್ದರೆ ನಾನೇನು ಮಾಡಲಿ?”

ಆಯಿ, ನಾನು ಇನ್ನೂರಕ್ಕೂ ಹೆಚ್ಚು ಕಡೆ ದಿನಸಾಕ್ಷಿಯಾಗಿ ಕೂತು ಬಂದಿದ್ದೇನೆ. ಕೂಗಾಡಿ ಕೆಲಸ ನಿಲ್ಲಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಕೈಯಲ್ಲಿ ಚಹಾದ ಬಸಿ, ತಲೆಯ ಮೇಲೆ ಸೆರಗು, ಅಂಗಳದಾಚೆಯ ಅಚ್ಚಿನಲ್ಲಿ ಹಸಿ ಇದೆ ಎಂದು ಅಷ್ಟು ದೂರದಿಂದ ಕಂಡುಹಿಡಿದು, ಒಂದು ಕೈ ಎತ್ತಿ ನಾಲ್ವರನ್ನು ನಿಲ್ಲಿಸಿದವರನ್ನು ಕಂಡಿಲ್ಲ. ನಿಮ್ಮನ್ನು ಕಣ್ಣಾರೆ ನೋಡಬೇಕೆಂದು ಎಷ್ಟು ಆಸೆಯಾಗುತ್ತದೆಂದು ಹೇಗೆ ಬರೆಯಲಿ! ಪಾಠದ ಹುಡುಗಿಯರು ಈ ಹಾಳೆ ಓದಿದ ಮೇಲೆ ನಗುವುದಿಲ್ಲ. ಉಸುಕಿನ ವಿಷಯದಲ್ಲಿ ಯಾರಿಗೂ ಸೋಲದ ನೀವು ಒಂದು ಮಾತಿಗೆ ಸೋಲುತ್ತೀರಲ್ಲ ಎಂಬುದೇ ನನ್ನ ದುಃಖ. ಮರ್ಯಾದೆ ಎಂದು ನೀವು ತಿಳಿದದ್ದು ಗೌರವದಿಂದ ಬಂದದ್ದೇ, ಅದನ್ನು ನಾನು ಹೀಯಾಳಿಸುವುದಿಲ್ಲ. ಮಾಲಕಿ ನಾನು ಎಂದರೆ ಭಾವನವರ ಮುಖಕ್ಕೆ ಹೊಡೆದಂತಾಗುತ್ತದೆ ಎಂಬ ಹೆದರಿಕೆಯಲ್ಲಿ ನೀವಿದ್ದೀರಿ.

ಈಗ ಮುಖ್ಯ ಸಂಗತಿ. ಇದು ಆಗಿಹೋದದ್ದು, ಆದ್ದರಿಂದ ಕತ್ತರಿಯವರು ಮುಟ್ಟುವಂತಿಲ್ಲ. ಎರಡನೆಯ ಪರಿಶೀಲನೆ ಕಚೇರಿಯ ಪದ್ಧತಿ ಎಂದು ನೀವು ತಿಳಿದಿದ್ದೀರಿ. ಅಂಥ ಪದ್ಧತಿ ಇಲ್ಲ. ಷರಾ ಬಂದು ಒಂಬತ್ತನೆಯ ದಿನ ಭಾವನವರು ಗೋಕಾಕಿನಲ್ಲಿ ಮದುವೆ ಇದೆ ಎಂದು ಹೇಳಿ ಮನೆಯಿಂದ ಹೊರಟರಲ್ಲ, ಮದುವೆ ಯಾವುದೂ ಇರಲಿಲ್ಲ. ಅವರು ಬಸ್ಸು ಹತ್ತಿದ್ದು ಗಲಗಲಿಯವರ ಕಚೇರಿಗೆ. ಅಲ್ಲಿ ಅವರು ಹೇಳಿದ್ದನ್ನು ಗುಮಾಸ್ತರು ಇದ್ದದ್ದು ಇದ್ದಂತೆಯೇ ಬರೆದುಕೊಂಡು ಸಹಿ ಹಾಕಿಸಿದ್ದಾರೆ. ಇದನ್ನು ಆಕೆಗೆ ತಿಳಿಸಬೇಡಿ ಎಂದು ಅವರು ಗಲಗಲಿಯವರನ್ನು ಬೇಡಿಕೊಂಡಿದ್ದಾರೆ. ನನ್ನನ್ನು ಬೇಡಿಕೊಂಡಿಲ್ಲ, ಹೀಗಾಗಿ ಪೂರ್ತಿ ನಕಲು ಮಾಡುತ್ತೇನೆ.

“ನಾ ವಿರೂಪಾಕ್ಷ ಕಮ್ಮಾರ. ಅವತ್ತ ಮಾತೆಲ್ಲ ನಾನಽ ಆಡಿದ್ನಿ, ತಪ್ಪ ನಂದರಿ. ಕುರ್ಚಿ ಮ್ಯಾಲ ಕುಂತ್ರ ನನಗ ಬಾಯಿ ನಿಲ್ಲೂದಿಲ್ಲ. ಉಸುಕಿನ ಹದಾ ನನಗ ಇವತ್ತಿಗೂ ತಿಳಿಯೂದಿಲ್ಲ. ನಮ್ಮಪ್ಪ ಕಾರ್ಖಾನಿ ಆಕಿ ಹೆಸರಿಗೆ ಮಾಡಿದಾಗ ನನಗ ಸಿಟ್ಟ ಬಂದಿತ್ತು, ಸುಳ್ಳ ಯಾಕ ಹೇಳ್ಲಿ. ಮೂರ ವರ್ಷ ಆಕಿ ಕೂಡ ನೆಟ್ಟಗ ಮಾತಾಡಿಲ್ಲ. ಆಕಿ ಒಂದ ಮಾತ ತಿರುಗಿ ಅಂದಿಲ್ಲರಿ. ನಮ್ಮಪ್ಪನ ಕಾಲದಾಗ ವರ್ಷಕ್ಕ ಒಬ್ಬಾಂವಂದರ ಕಾಲ ಸುಡತಿತ್ತು. ಆಕಿ ಬಂದ ಮ್ಯಾಲ ಒಬ್ಬಂದೂ ಸುಟ್ಟಿಲ್ಲ. ಮಾಲಕಿ ಆಕೀನಽ. ಇನ್ನೊಮ್ಮೆ ಬರ್ರಿ, ಆವತ್ತ ನಾ ಮನಿಯಾಗ ಇರೂದಿಲ್ಲ. ನಾ ಇದ್ರ ಆಕಿ ಬಾಯಿ ತೆಗ್ಯೂದಿಲ್ಲ. ಆಕಿ ಬಾಯಿಂದ ಆ ಮಾತ ಕೇಳೂ ಪುಣ್ಯಾ ನನಗಿಲ್ಲ, ಇರಲಿ ಬಿಡ್ರಿ.”

ಗುರುವಾರ ಬೆಳಿಗ್ಗೆ ಅವರು ಯಾವುದೋ ನೆವ ಹೇಳಿ ಚಪ್ಪಲಿ ಮೆಟ್ಟಲು ನೋಡಬಹುದು. ನನ್ನ ಕೋರಿಕೆ ಒಂದೇ. ಅವರನ್ನು ಹೋಗಗೊಡಬೇಡಿ. ಇಬ್ಬರಿಗೂ ಕುರ್ಚಿ ಹಾಕಿಸಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಹೇಬರು ಕೇಳಿದಾಗ ಭಾವನವರಿಗೂ ಕೇಳಿಸುವಂತೆ ಹೇಳಿ, ಮಾಲಕಿ ನಾನು ಎಂದು.

ನಿಮ್ಮ
ಮೇದಿನಿ