ಉಸಿರು ಬಿಡದ ಹುಲ್ಲಿನ ಮೆಷಿನ್

ಮನೆಯ ಮೆಟ್ಟಿಲು,
ಸೋಮವಾರ, ಮಾರ್ಚ್ ೯

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಹಡಗಿನ ಅಡುಗೆಮನೆಯಲ್ಲಿ ನಿಂತು ನಿಂತು ಬಂದ ಕಾಲುನೋವು ಕಡಿಮೆಯಾಯಿತೆ? ನಾವಿಬ್ಬರೂ ಚೆನ್ನಾಗಿದ್ದೇವೆ. ಅಂದರೆ ನಾನು ಚೆನ್ನಾಗಿದ್ದೇನೆ, ಅಮ್ಮನ ವಿಷಯ ಮುಂದೆ ಬರುತ್ತದೆ.

ಈ ಕಥೆಯನ್ನು ಮೊದಲು ಹೇಳಿದವನು ಮೆಕ್ಯಾನಿಕ್, ಮೊನ್ನೆ ಶನಿವಾರ ಸಂಜೆ, ನಮ್ಮ ಮೆಟ್ಟಿಲ ಮೇಲೆ ಕೂತು, ಎರಡು ಲೋಟ ಚಹಾ ಮುಗಿಸಿ. ಕೇಳಲು ಎದುರುಮನೆ ಟೈಲರಮ್ಮ, ನಿವೃತ್ತ ಪೋಸ್ಟ್‌ಮಾಸ್ತರರು, ಅಮ್ಮ, ನಾನು. ಕಣ್ಣಾರೆ ಕಂಡಿದ್ದ ನಮಗೇ ಅವನು ಒಂದು ಗಂಟೆ ಹೇಳಿದ. ನಾನು ಅಷ್ಟು ಎಳೆಯುವುದಿಲ್ಲ.

ಹಿತ್ತಲ ಹುಲ್ಲು ಮೊಣಕಾಲು ಮುಟ್ಟಿತ್ತು. ನೀನು ಹೋದಾಗಿನಿಂದ ಮೂಲೆ ಹಿಡಿದಿದ್ದ, ಹುಲ್ಲು ಕತ್ತರಿಸುವ ಪೆಟ್ರೋಲ್ ಮೆಷಿನನ್ನು ಹೊರಗೆ ತಂದು ಹಗ್ಗ ಎಳೆದೆ. ಒಮ್ಮೆ ಕೆಮ್ಮಿ ಸುಮ್ಮನಾಯಿತು. ಪೋಸ್ಟ್‌ಮಾಸ್ತರರು ಎಳೆದರು. ಅವರ ಭುಜ ಹಿಡಿದುಕೊಂಡಿತೇ ಹೊರತು ಮೆಷಿನ್ ಕದಲಲಿಲ್ಲ. ಮೆಕ್ಯಾನಿಕ್ ಬಂದು ಹಳೆ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿದ. ಪ್ಲಗ್ ಬಿಚ್ಚಿದರೆ ಕಿಡಿ ನೀಲಿಯಾಗಿ ಚಟಪಟ ಹಾರುತ್ತಿತ್ತು. ಫಿಲ್ಟರ್ ಕೊಡವಿದ, ಕಾರ್ಬ್ಯುರೇಟರ್ ಬಿಚ್ಚಿ ಪೇಪರಿನ ಮೇಲೆ ಹರಡಿ, ಒರೆಸಿ, ಜೋಡಿಸಿದ. ಮೆಷಿನ್ ಜಪ್ಪಯ್ಯ ಅನ್ನಲಿಲ್ಲ. ತುತ್ತಿಗೆ ಬಾಯಿ ತೆರೆಯದ ಮಗುವನ್ನು ನೋಡುವ ಹಾಗೆ ಅದನ್ನೇ ನೋಡುತ್ತ ಕೂತವನು, ಪೇಪರಿನ ಒಂದು ಚೂರು ಹರಿದು ಸೈಲೆನ್ಸರ್ ಬಾಯಿಗೆ ಹಿಡಿದು, ನನಗೆ ಹಗ್ಗ ಎಳೆ ಅಂದ. ಚೂರು ಅಲುಗಲೇ ಇಲ್ಲ.

"ಉಸಿರು ಎಳ್ಕೊಳ್ತಿದೆ ಕಣಮ್ಮ, ಬಿಡೋಕೆ ಜಾಗ ಇಲ್ಲ" ಅಂದ.

ಚಿಮಟ ತೂರಿಸಿ ಒಳಗಿಂದ ಮಸಿ ಹಿಡಿದ ಬಟ್ಟೆಯುಂಡೆ ತೆಗೆದ. ಆಮೇಲೆ ಒಂದೇ ಎಳೆತ. ಬೀದಿಯ ನಾಯಿಗಳೆಲ್ಲ ಎದ್ದವು.

ಕಥೆ ಮುಗಿದಾಗ ಎಲ್ಲರೂ ನಕ್ಕೆವು. ಪೋಸ್ಟ್‌ಮಾಸ್ತರರು ಅಮ್ಮನ ಕಡೆ ತಿರುಗಿ, ಹುಳ ಗೂಡು ಕಟ್ಟದಿರಲಿ ಅಂತ ತುರುಕಿ ಮರೆತಿದ್ದೀರಿ ಅಂದರು. ಈ ಮನೆಯ ಹಳೆ ಬಟ್ಟೆಯೆಲ್ಲ ಅಮ್ಮನ ಕೈಯಲ್ಲೇ ಒರೆಸುವ ಬಟ್ಟೆ ಆಗುವುದಲ್ಲವೆ? ಅಮ್ಮ ಇಲ್ಲ ಅನ್ನಲು ಹೋಗಿ ತಡೆದಳು. "ನಾನೇ ಇರ್ಬೇಕು. ನೆನಪೇ ಇಲ್ಲ ನೋಡು" ಅಂದಳು. ಆಗ ಅವಳು ನಗುತ್ತಿರಲಿಲ್ಲ. ದೊಡ್ಡಮ್ಮ ಕೊನೆಗೆ ತನ್ನ ಮಕ್ಕಳ ಗುರುತನ್ನೇ ಮರೆತದ್ದು ಅವಳ ತಲೆಯಲ್ಲಿ ಕೊರೆಯುತ್ತಿತ್ತು.

ಮರುದಿನ ಬೆಳಗ್ಗೆ ಪೋಸ್ಟ್‌ಮಾಸ್ತರರು ಕುಕ್ಕರಗಾಲಲ್ಲಿ ಕೂತು ಸ್ಕೂಟರಿನ ಸೈಲೆನ್ಸರಿಗೆ ಕಡ್ಡಿ ಹಾಕಿ ನೋಡುತ್ತಿದ್ದರು. ಟೈಲರಮ್ಮ ಯಾವುದಕ್ಕೂ ಇರಲಿ ಅಂತ ಹೊಲಿಗೆ ಮೆಷಿನ್ನಿನ ಎಲ್ಲ ತೂತಿಗೂ ಎಣ್ಣೆ ಬಿಟ್ಟರು. ಅಮ್ಮ "ಗ್ಯಾಸ್, ನಲ್ಲಿ, ಬೀಗ" ಎಂದು ಚೀಟಿ ಬರೆದು ಬಾಗಿಲಿಗೆ ಅಂಟಿಸಿ, ಬೀಗದಕೈ ಗೊಂಚಲನ್ನು ನನ್ನ ಕೈಗೆ ಕೊಟ್ಟಳು.

ಎಲ್ಲರಿಗೂ ಬಡಿಸಿ ಮುಗಿಯುವ ತನಕ ನೀನು ಹಸಿದುಕೊಂಡಿರಬೇಡ.

ನಿನ್ನ ತಂಗಿ

ತಾ.ಕ.: ಆ ಬಟ್ಟೆಯನ್ನು ತೊಳೆದು ಬಿಡಿಸಿ ನೋಡಿದೆ. ನಾಲ್ಕು ಅಂಚೂ ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದು. ಅಮ್ಮ ಹಳೆ ಬಟ್ಟೆಗೆ ಕತ್ತರಿ ಹಾಕಿದ್ದನ್ನು ಎಂದಾದರೂ ಕಂಡಿದ್ದೀಯಾ? ಅಂಚು ಕಚ್ಚಿ ಪರ್ರನೆ ಹರಿಯುತ್ತಾಳೆ. ಅಳೆದು ಕತ್ತರಿಸುವವನು ನಮ್ಮ ಮನೆಯಲ್ಲಿ ನೀನೊಬ್ಬನೇ. ಹೊರಡುವ ಗಡಿಬಿಡಿಯಲ್ಲಿ ತುರುಕಿ, ನಮಗೆ ಹೇಳದೆ ಹೋದೆ, ಅಲ್ಲವೆ? ನಾನು ಹೇಳಿದರೆ ಅಮ್ಮ, "ನನ್ನ ಸಮಾಧಾನಕ್ಕೆ ಅವನ ತಲೆಗೆ ಕಟ್ಬೇಡ" ಅನ್ನುತ್ತಾಳೆ. ಈ ಕಾಗದ ಸಿಕ್ಕಿದ ಬಂದರಿನಲ್ಲೇ, ಹಡಗು ಬಿಡುವ ಮೊದಲು, ಅವಳಿಗೆ ನಿನ್ನ ಕೈಯಾರೆ ಎರಡು ಸಾಲು ಬರೆದು ಹಾಕು. ಮರೆತವನು ನೀನು ಅಂತ ಅವಳಿಗೆ ಗೊತ್ತಾಗಲಿ.